ಎದ್ದು ಕೂತರೆ ಮಾತ್ರ ಬರುತ್ತಿದ್ದ ತಲೆನೋವು

ಇವತ್ತು ಶನಿವಾರ, ನನಗೆ ಒಪ್ಪೊತ್ತು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮೊಮ್ಮಗುವಿನ ಬಟ್ಟೆ ಒಗೆದು ಹರವಿ ಈಗ ಫೋನ್ ಹಿಡಿದಿದ್ದೇನೆ.

ಮಗಳು ಚೈತ್ರಳಿಗೆ ಹೆರಿಗೆಯಾಗಿ ತಿಂಗಳಾಯಿತು. ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಕೊಟ್ಟಿದ್ದರು. ಹೆರಿಗೆ ಸಲೀಸಾಯಿತು, ಮೂರನೇ ದಿನ ವಿಜಯನಗರದ ನಮ್ಮ ಮನೆಗೆ ಕರೆತಂದೆವು.

ಅಂದೇ ಸಂಜೆ ತಲೆನೋವು ಶುರುವಾಯಿತು... ಹಾಲು ಕೊಡಲು ಎದ್ದು ಕೂತರೆ ಕಣ್ಣು ಬಿಡಲಾಗದಷ್ಟು ನೋವು. ಹಸಿದ ಕೂಸನ್ನು ನನ್ನ ಕೈಗೆ ಕೊಟ್ಟು ಮಲಗಿಬಿಡುತ್ತಿದ್ದಳು.

ಶೀತವೆಂದುಕೊಂಡೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿದೆ. ಬಾಣಂತಿಗೆ ನೀರು ಹೆಚ್ಚು ಕೊಡಬಾರದೆಂದು ದಿನಕ್ಕೆ ಎರಡೇ ಲೋಟ ಬಿಸಿನೀರು. ನನ್ನ ಬಾಣಂತನ ನಡೆದದ್ದೂ ಹಾಗೇ.

"ಮೂರು ಹೆತ್ತಿದೀನಿ, ನನಗ್ಯಾವ ಸೂಜಿ ಚುಚ್ಚಿದ್ರು? ಈಗಿನೋರಿಗೆ ಎಲ್ಲಾ ನಾಜೂಕು ಕಣೇ," ಎಂದರು ನಮ್ಮತ್ತೆ.

ಮರುದಿನ ಒಂದು ವಿಷಯ ಗಮನಿಸಿದೆ. ಮಲಗಿದರೆ ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತಿತ್ತು, ಕೂತರೆ ಮತ್ತೆ ಹಾಜರು. ಶೀತವಾದರೆ ಮಲಗಿದಾಗಲೂ ಇರಬೇಕಲ್ಲವೇ?

ಸಾಂಬ್ರಾಣಿಯ ಕೆಂಡ ಆರಿಸಿ, ಚೈತ್ರಳನ್ನು ಕರೆದುಕೊಂಡು, ಮಗುವನ್ನೂ ಎತ್ತಿಕೊಂಡು ಆಸ್ಪತ್ರೆಗೆ ಹೊರಟೆ. ಹನ್ನೊಂದು ದಿನ ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎಂದು ಅತ್ತೆ ಅಡ್ಡ ನಿಂತರು.

"ದೇವರ ಹತ್ರ ನಾನು ತಪ್ಪೊಪ್ಕೋತೀನಿ, ದಾರಿ ಬಿಡಿ ಅತ್ತೆ."

ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು.

ಅರಿವಳಿಕೆ ಡಾಕ್ಟರಮ್ಮನಿಗೆ ನಾನು ಕಂಡದ್ದನ್ನೇ ಹೇಳಿದೆ. ಅವರು ಪರೀಕ್ಷಿಸಿದರು. ಸೂಜಿ ತಾಗಿ ಬೆನ್ನುಹುರಿಯ ಸುತ್ತಲಿನ ಪೊರೆಯಲ್ಲಿ ಸಣ್ಣ ತೂತಾಗಿ, ಒಳಗಿನ ದ್ರವ ಸೋರುತ್ತಿದೆಯಂತೆ. ಅಪರೂಪಕ್ಕೆ ಹೀಗಾಗುತ್ತದಂತೆ. ನೀರು ಕಡಿಮೆ ಮಾಡಿದ್ದಕ್ಕೆ ಬೈದರು, ಬೈಸಿಕೊಂಡೆ.

ಮಾತ್ರೆ, ಕಾಫಿ ಎಂದು ಒಂದು ದಿನ ನೋಡಿದರು, ನೋವು ಬಗ್ಗಲಿಲ್ಲ. ಕೊನೆಗೆ ಅವಳ ತೋಳಿನ ರಕ್ತವನ್ನೇ ತೆಗೆದು ಬೆನ್ನಿಗೆ ಹಾಕಿದರು. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದಂತೆ. ಮತ್ತೆ ಅದೇ ಬೆನ್ನಿಗೆ ಸೂಜಿ ಎಂದಾಗ ನಡುಗಿದ್ದು ನಾನು, ಚೈತ್ರ ಅಲುಗಾಡಲಿಲ್ಲ.

ಎರಡು ಗಂಟೆ ಮಲಗಿಸಿ, ನಿಧಾನಕ್ಕೆ ಎಬ್ಬಿಸಿದರು. ಕೂತಳು... ಕೂತೇ ಇದ್ದಾಳೆ.

"ಅಮ್ಮಾ, ಪಾಪು ಕೊಡು."

ಹೊಟ್ಟೆ ತುಂಬಾ ಕುಡಿಸಿದಳು.

"ಸರಿಯಾಗಿ ನೋಡ್ಕೊಂಡು ಬಂದು ಹೇಳಿದ್ರಿ ಕಣಮ್ಮ," ಎಂದರು ಡಾಕ್ಟರಮ್ಮ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಹೆಮ್ಮೆಯಾಯಿತು, ಮುಚ್ಚಿಡುವುದೇನಿದೆ?

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ, ಎದ್ದು ಕೂತಾಗ ತಲೆ ಹೇಗಿರುತ್ತದೆ ಎಂದು ಈಗಲೇ ಹೋಗಿ ಕೇಳಿ, ಅವಳ ಉತ್ತರ ತಂದು ನನಗೆ ಹೇಳುತ್ತೀರಾ?