ನಸುಗುನ್ನಿ ನಿಕಾನೋರ್

ಹೊಂಡುರಾಸಿನ ನಮ್ಮ ಗುಡ್ಡಸೀಮೆಯಲ್ಲಿ ಯಾರಾದರೂ ಪರಪರ ಮೈ ಕೆರೆದುಕೊಳ್ಳುತ್ತಿದ್ದರೆ ನಾವು ಗೌರವದಿಂದ ‘ದೋನ್’ ಎನ್ನುವ ನಿಕಾನೋರನ ಹೊಲ ಹೊಕ್ಕು ಬಂದಿದ್ದಾರೆಂದೇ ಅರ್ಥ. ಕೊಯ್ಲಾದ ಮೇಲೆ ನಾವೆಲ್ಲ ಹೊಲಕ್ಕೆ ಬೆಂಕಿಯಿಟ್ಟರೆ ಈತ ಮುಟ್ಟಿದರೆ ತುರಿಸುವ ನಸುಗುನ್ನಿ ಬಳ್ಳಿ ಹಬ್ಬಿಸುತ್ತಾನೆ. ಆಮೇಲೆ ಅದನ್ನು ಸವರಿ, ಅಲ್ಲೇ ಕೊಳೆಯಲು ಬಿಟ್ಟು, ಆ ಹಾಸಿನ ನಡುವೆಯೇ ಮೆಕ್ಕೆಜೋಳ ಊರುತ್ತಾನೆ. ಬಂದವರಿಗೆ ಹುರಿದ ನಸುಗುನ್ನಿ ಬೀಜದ ಕಾಫಿ ಕೊಟ್ಟು, ಅವರ ಮುಖ ಹುಳ್ಳಗಾದದ್ದನ್ನು ನೋಡಿಯೂ "ಇನ್ನರ್ಧ ಲೋಟ?" ಎನ್ನುತ್ತಾನೆ. ಬಳ್ಳಿಯ ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ, ಒಳಗಿನ ಕೆಂಪು ತೋರಿಸುತ್ತಾನೆ: "ನೋಡು, ಕಣ್ಣಿಗೆ ಕಾಣದ ಅಡುಗೆಯೋರು ಇದರೊಳಗೇ ಅವ್ರೆ. ಗಾಳೀನೇ ಗೊಬ್ಬರ ಮಾಡಿ ಬಡಿಸ್ತಾರೆ." ಧಡಧಡ ನಡೆದರೆ ಗದರುತ್ತಾನೆ: "ಮೆಲ್ಲಗೆ ಮಾರಾಯ! ಕೆಳಗೆ ಕೋಟಿ ಜನ ಊಟಕ್ಕೆ ಕೂತವ್ರೆ." ಒಳಗಿನಿಂದ ಹೆಂಡತಿ, "ನಂದು ಊಟ ಆಯ್ತಾ ಅಂತ ಮಾತ್ರ ಯಾವತ್ತೂ ಕೇಳ್ಬೇಡ" ಎಂದು ಪಾತ್ರೆ ಕುಕ್ಕುತ್ತಾಳೆ. ಮಣ್ಣು ಸೊರಗಿದಂತೆಲ್ಲ ನಾವು ಗುಡ್ಡ ಬದಲಿಸುತ್ತೇವೆ. ಈತ ಇಪ್ಪತ್ತು ವರ್ಷದಿಂದ ಒಂದೇ ಗುಡ್ಡದಲ್ಲಿದ್ದಾನೆ. ಒಮ್ಮೆ ಕೆಣಕಿದೆ: "ಈ ಕೆರೆತ ಯಾಕೆ ದೋನ್? ನಮ್ ಜೊತೆ ಹೊಸ ಗುಡ್ಡಕ್ಕೆ ಬಂದ್ಬಿಡು." ಆತ ಅಂಗಳದ ಮರದಿಂದ ಮಾವಿನಹಣ್ಣೊಂದನ್ನು ಕಿತ್ತು ಕೈಗಿಟ್ಟ. "ನಮ್ಮವ್ವ ಏಳು ಗುಡ್ಡದಾಗೆ ಮಾವು ನೆಟ್ಟಿದ್ಳು. ಒಂದರ ಹಣ್ಣೂ ತಿನ್ಲಿಲ್ಲ." ನಾನು ಒಂದು ಕೈಯಲ್ಲಿ ಕೆರೆದುಕೊಳ್ಳುತ್ತಲೇ ಹಣ್ಣು ತಿಂದು ಮುಗಿಸಿದೆ, ಗೊರಟನ್ನು ಮಾತ್ರ ಎಸೆಯದೆ ಜೇಬಿಗೆ ಹಾಕಿಕೊಂಡೆ.