ಸುಮತಿಯಕ್ಕನ ಜಾತಕ, ನಮ್ಮ ಮನೆಯ ಕಂಪ್ಯೂಟರ್

ಕಂಪ್ಯೂಟರ್ ಎಂದರೆ ಪೇಟೆಯ ತರಗತಿಗೆ ಹೋಗಿ ಕಲಿಯುವ ವಿದ್ಯೆ ಎಂದು ಎಲ್ಲರೂ ತಿಳಿದಿದ್ದ ಆ ಕಾಲದಲ್ಲಿ ಕಾರ್ಕಳದ ಹೊರಗಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದು ಬಂದದ್ದು ಮಕ್ಕಳಿಗಾಗಿ ಅಲ್ಲ, ಅಜ್ಜನಿಗಾಗಿ. ಅಜ್ಜ ಜಾತಕ ನೋಡುವವರು. ಕಣ್ಣಿಗೆ ಪೊರೆ ಬಂದು ಪಂಚಾಂಗದ ಸಣ್ಣ ಅಕ್ಷರ ಕಷ್ಟವಾದಾಗ ಅಪ್ಪ ಜಾತಕ ಬರೆಯುವ ಪ್ರೋಗ್ರಾಂ ಹಾಕಿಸಿ ತಂದಿದ್ದರು. ಅಜ್ಜ ಅದನ್ನು ಮುಟ್ಟುತ್ತಿರಲಿಲ್ಲ. "ನೀನೇ ಒತ್ತು ಪುಟ್ಟಿ, ನಾನು ನೋಡ್ತೇನೆ" ಅನ್ನುತ್ತಿದ್ದರು. ಹತ್ತು ವರ್ಷದ ನಾನು ಹುಟ್ಟಿದ ದಿನ, ಗಂಟೆ, ಊರು ಒತ್ತಬೇಕು. ಪರದೆಯಲ್ಲಿ ಕುಂಡಲಿ ಮೂಡಿದಾಗ ಅಜ್ಜ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುವರು. ಅವರ ಶಾಲಿನಿಂದ ಗಂಧದ ಪರಿಮಳ ಬರುತ್ತಿತ್ತು.

ಆ ವರ್ಷದ ನಾಗರಪಂಚಮಿಯ ದಿನ ಮನೆಯೆಲ್ಲ ಅರಸಿನ ಎಲೆಯ ಕಡುಬಿನ ಘಮ. ನಾಗಬನದಲ್ಲಿ ನಾಗನಿಗೆ ಮಾಡುವ ತಂಬಿಲದ ಪೂಜೆ ಮುಗಿಸಿ ಅಜ್ಜ ಪ್ರಸಾದ ತಂದರು. ಅರಸಿನ ಹುಡಿ ಹಿಡಿದು ಒದ್ದೆಯಾದ ಹಿಂಗಾರ, ಅಂದರೆ ಅಡಿಕೆಯ ಹೂವು, ಅಕ್ಕಿಕಾಳಿನಷ್ಟು ಸಣ್ಣ ಸಣ್ಣದು. ಅದನ್ನು ಗಡಿಯಾರದ ಮೇಲೆ, ಕಪಾಟಿನ ಸಂದಿಯಲ್ಲಿ, ಅಪ್ಪನ ಸ್ಕೂಟರಿನ ಮೂತಿಗೆ ಸಿಕ್ಕಿಸುವುದು ನಮ್ಮಲ್ಲಿ ಕ್ರಮ. ಕಂಪ್ಯೂಟರಿಗೆ ಯಾರೂ ಇಡಲಿಲ್ಲವಲ್ಲ ಎಂದು ನನಗೆ ಪಾಪ ಅನಿಸಿತು. ಪೆಟ್ಟಿಗೆಯ ಬದಿಯ ತಗಡಿನಲ್ಲಿ ಸಾಲು ತೂತುಗಳಿದ್ದವು. ಕಣ್ಣು ಮುಚ್ಚಿ ನಾಗದೇವರನ್ನು ನೆನೆದು, ಒಂದು ಚಿಟಿಕೆ ಹಿಂಗಾರ ಅಲ್ಲಿ ತುರುಕಿದೆ.

ನಾಲ್ಕು ದಿನ ಕಳೆದು, ಅಪ್ಪ ಇಲ್ಲದಾಗ ಇಸ್ಪೀಟಿನ ಆಟ ಆಡುತ್ತಾ ಕೂತಿದ್ದೆ. ಪರದೆ ಥಟ್ಟನೆ ಕಪ್ಪಾಗಿ ಕಂಪ್ಯೂಟರ್ ತಾನಾಗಿ ಮೊದಲಿನಿಂದ ಶುರುವಾಯಿತು. ಮರುದಿನವೂ ಹಾಗೆಯೇ. ಆಡಬಾರದೆಂದು ಅಪ್ಪ ಹೇಳಿದ್ದರಿಂದ ಯಾರಿಗೂ ಹೇಳಲಿಲ್ಲ.

ಸುಮತಿಯಕ್ಕ ನಮ್ಮ ನೆರೆಮನೆಯವರು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಇಪ್ಪತ್ತೇಳು ದಾಟಿತ್ತು, ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿದ್ದವು. ಆ ಸಲ ಕಾಪುವಿನ ಒಂದು ಮನೆಯವರು ಒಪ್ಪಿದ್ದರು. ಹುಡುಗನೂ ಸುಮತಿಯಕ್ಕನೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದರು. ಉಳಿದದ್ದು ಮೇಳಾಮೇಳಿ ಮಾತ್ರ, ಎರಡು ಜಾತಕ ಕೂಡುತ್ತದೋ ಎಂದು ಅಜ್ಜ ಒಂದು ಮಾತು ಹೇಳಬೇಕಿತ್ತು.

ಹುಡುಗನ ತಾಯಿ, ಸೋದರಮಾವ ಬಂದು ಚಾವಡಿಯಲ್ಲಿ ಕೂತರು. ಸುಮತಿಯಕ್ಕ ನಮ್ಮ ಅಡುಗೆಮನೆಯಲ್ಲಿ ಅಮ್ಮನ ಜೊತೆ ಇದ್ದರು, ಬಾಗಿಲ ಸಂದಿಯಿಂದ ಅವರ ಸೀರೆಯ ಅಂಚು ಕಾಣುತ್ತಿತ್ತು. ನಾನು ಹುಡುಗನದ್ದು ಒತ್ತಿದೆ, ಕುಂಡಲಿ ಬಂತು. ಅಜ್ಜ ನಿಧಾನವಾಗಿ ನೋಡಿದರು. ಸುಮತಿಯಕ್ಕನದ್ದು ಒತ್ತುತ್ತಿದ್ದಂತೆ ಪರದೆ ಕಪ್ಪಾಯಿತು.

"ಎಂತ ಆಯ್ತು?" ಎಂದರು ಅಜ್ಜ.

"ಪುನಃ ಶುರು ಆಗ್ತಾ ಉಂಟು ಅಜ್ಜ."

ಎರಡನೆಯ ಸಲವೂ ಸುಮತಿಯಕ್ಕನ ಹೆಸರು ಹಾಕುವಲ್ಲಿಗೇ ನಿಂತಿತು. "ಈಗ ಹುಡುಗಿದ್ದೇ ಮೊದಲು ಹಾಕು ನೋಡುವ" ಎಂದರು ಸೋದರಮಾವ. ಹಾಕಿದೆ. ಹುಟ್ಟಿದ ಊರು ಒತ್ತುವ ಮೊದಲೇ ಹೋಯಿತು.

ಹುಡುಗನ ತಾಯಿ ಕೈಚೀಲ ಎತ್ತಿಕೊಂಡರು. "ಮೂರು ಸಲ ಆಯ್ತಲ್ಲ ಭಟ್ರೇ. ಹುಡುಗಂದು ಬಂತು, ಹುಡುಗಿದ್ದು ಬರುವುದಿಲ್ಲ. ಇನ್ನು ನಾವು ಕೇಳುವುದು ಎಂತ ಉಂಟು?"

ಅಜ್ಜ ಏನಾದರೂ ಹೇಳುತ್ತಾರೆಂದು ನಾನು ಅವರ ಮುಖ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು. ಮೊದಲೂ ಹೀಗೆ ಆಗಿತ್ತು ಎಂದು ಹೇಳಬೇಕಾದವಳು ನಾನೂ ಸುಮ್ಮನಿದ್ದೆ. ಅವರು ಮೆಟ್ಟಿಲಿಳಿದು ಹೋದರು. ಅಡುಗೆಮನೆಯಲ್ಲಿ ಸುಮತಿಯಕ್ಕ ಇರಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು.

ಮರುದಿನ ಅಜ್ಜ ಹಳೆಯ ಪಂಚಾಂಗ, ಭೂತಗನ್ನಡಿ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡೂ ಜಾತಕಗಳನ್ನು ಕೈಯಲ್ಲೇ ಬರೆದರು. ಊಟಕ್ಕೆ ಏಳದೆ ನನ್ನನ್ನು ಕರೆದರು. "ಪುಟ್ಟಿ, ಚಂದ ಕೂಡಿ ಬರ್ತದೆ ಇದು. ಜಾತಕದಲ್ಲಿ ದೋಷ ಇಲ್ಲ. ಹಾಗಾದ್ರೆ ಇದರಲ್ಲಿ ಉಂಟು. ನಿನಗೆ ಗೊತ್ತುಂಟಾ ಎಂತಾದ್ರೂ?"

ಆಗ ಇಸ್ಪೀಟಿನ ವಿಷಯ ಹೇಳಿದೆ. ಅಜ್ಜ ಬೈಯಲಿಲ್ಲ. ಗಡಿಯಾರ ನೋಡಲು ಹೇಳಿದರು. ಏನೂ ಒತ್ತದೆ ಬರೇ ಚಾಲೂ ಮಾಡಿ ಇಟ್ಟೆವು. ಹನ್ನೆರಡು ನಿಮಿಷಕ್ಕೆ ಹೋಯಿತು. ಕರೆಂಟಿನ ತೊಂದರೆ ಇರಬಹುದೆಂದು ಫ್ಯಾನು, ಫ್ರಿಜ್ಜು ಆರಿಸಿ, ವಯರನ್ನು ಇನ್ನೊಂದು ಕೋಣೆಯ ಪ್ಲಗ್ಗಿಗೆ ಹಾಕಿದೆವು. ಹೋಯಿತು. ಅಜ್ಜನ ಜಾತಕವನ್ನೇ ಹಾಕಿದೆ. ಅದಕ್ಕೂ ಹೋಯಿತು.

"ನಂದೂ ಬೇಡವಂತೆ ಇದಕ್ಕೆ" ಎಂದರು ಅಜ್ಜ. ಅಮ್ಮ ಒಳಗಿನಿಂದ ನಕ್ಕರು. ಅಜ್ಜ ನಗಲಿಲ್ಲ.

ಸಂಜೆ ಪೇಟೆಯಿಂದ ರಿಪೇರಿಯ ಪ್ರಭಾಕರಣ್ಣ ಬಂದರು. ಬದಿಯ ತಗಡು ಬಿಚ್ಚಿ ಟಾರ್ಚ್ ಬಿಟ್ಟರು. "ಇದೆಂತ ಭಟ್ರೇ, ಇದಕ್ಕೂ ತಂಬಿಲ ಮಾಡಿದ್ರಾ?"

ಆ ತೂತುಗಳ ಹಿಂದೆಯೇ ಅಂಗೈಯಷ್ಟು ಚಿಕ್ಕ ಫ್ಯಾನು. ಅದರ ರೆಕ್ಕೆಗಳ ನಡುವೆ ಅರಸಿನ ಅಂಟಿ ಒಣಗಿದ ಹಿಂಗಾರ. ಅದು ತಿರುಗುತ್ತಲೇ ಇರಲಿಲ್ಲ. "ಗಾಳಿ ಇಲ್ಲದೆ ಬಿಸಿ ಆಗ್ತದೆ. ಬಿಸಿ ಏರಿದ್ರೆ ಸುಟ್ಟುಹೋಗದ ಹಾಗೆ ತಾನೇ ಬಂದಾಗ್ತದೆ. ಒಮ್ಮೆ ಬಿಸಿ ಹಿಡಿದ ಮೇಲೆ ಎರಡನೇ ಸಲ ಬೇಗ, ಮೂರನೇ ಸಲ ಇನ್ನೂ ಬೇಗ. ಇದಕ್ಕೆ ಯಾರ ಹೆಸರೂ ಗೊತ್ತಿಲ್ಲ" ಎಂದು ಹೇಳುತ್ತಾ ಅವರು ಚಿಮುಟದಲ್ಲಿ ಒಂದೊಂದೇ ಕಾಳು ಹೆಕ್ಕಿದರು.

ನಾನು ಗೋಡೆಗೆ ಒತ್ತಿ ನಿಂತು ಅಳತೊಡಗಿದೆ. ಯಾರು ಇಟ್ಟದ್ದೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ಅಜ್ಜ ಆ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

"ಅಳಬೇಡ. ದೇವರ ಪ್ರಸಾದ ಇಟ್ಟದ್ದು ತಪ್ಪಲ್ಲ. ಕಾಪುವಿನವರು ಎದ್ದು ಹೊರಡುವಾಗ ನಾನು ಬಾಯಿ ಮುಚ್ಚಿ ಕೂತದ್ದು ತಪ್ಪು. ನನಗೂ ಒಂದು ಕ್ಷಣ ಸಂಶಯ ಬಂತು ಮಗಾ."

ಮಾರನೆಯ ದಿನ ಕೈಬರಹದ ಹಾಳೆ ಮಡಚಿ ಅಜ್ಜ ಹೊರಟರು. ಕಣ್ಣು ಸರಿಯಿಲ್ಲದ್ದರಿಂದ ಬಸ್ಸಿನ ಬೋರ್ಡ್ ಓದಲು ನಾನು. ಬೆಳ್ಮಣ್ ದಾಟಿ ಪಡುಬಿದ್ರಿಯಲ್ಲಿ ಇಳಿದು ಕಾಪುವಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನಾನು ನಾಗದೇವರಿಗೆ ಹರಕೆ ಹೇಳುತ್ತಿದ್ದೆ, ಹೇಗಾದರೂ ಸುಮತಿಯಕ್ಕನ ಮದುವೆ ಆಗಲಿ ಎಂದು.

ಹುಡುಗನ ತಾಯಿ ಬೆಲ್ಲ ನೀರು ಕೊಟ್ಟು ಕೂರಿಸಿದರು. ಅಜ್ಜ ಎಲ್ಲ ಹೇಳಿದರು, ಫ್ಯಾನು, ಬಿಸಿ, ಹನ್ನೆರಡು ನಿಮಿಷ. ನನ್ನ ಹೆಸರು ಮಾತ್ರ ಎತ್ತಲಿಲ್ಲ. "ನಮ್ಮ ಮನೆಯ ಬೇಜವಾಬ್ದಾರಿಯಿಂದ ಆದದ್ದು" ಎಂದರು. ಹಾಳೆ ಮುಂದಿಟ್ಟರು.

ಆಕೆ ಹಾಳೆ ಮುಟ್ಟಲಿಲ್ಲ. ಕೆಟ್ಟವರಲ್ಲ ಅವರು, ಅವರಿಗೂ ಬೇಸರವಿತ್ತು. "ನೀವು ಈ ಪ್ರಾಯದಲ್ಲಿ ಇಷ್ಟು ದೂರ ಬಂದದ್ದು ದೊಡ್ಡದು ಭಟ್ರೇ. ಆದ್ರೆ ನಾವು ಆ ದಿನ ಎದ್ದದ್ದು ಕಂಪ್ಯೂಟರ್ ನೋಡಿ ಅಲ್ಲ. ನಿಮ್ಮ ಮುಖ ನೋಡಿ. ನೀವು ಕೂತ್ಕೊಳ್ಳಿ ಅಂದಿದ್ರೆ ಕೂತ್ಕೊಳ್ತಿದ್ದೆವು. ಮೊದಲೇ ಕೇಳಿದ್ದ ಹೂಡೆಯ ಒಂದು ಮನೆಯವರಿಗೆ ನಿನ್ನೆ ಮಾತು ಕೊಟ್ಟಾಯ್ತು."

ಅಜ್ಜ ತಲೆದೂಗಿ ಎದ್ದರು.

ಊರಿಗೆ ಬಂದವರು ಮನೆಗೆ ಹೋಗಲಿಲ್ಲ, ನೇರ ಸುಮತಿಯಕ್ಕನ ಅಂಗಳಕ್ಕೆ. ಅವರು ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಅಜ್ಜ ಬಿಸಿಲಲ್ಲೇ ನಿಂತು, ಬೇಲಿಯಾಚೆಯ ನಾಲ್ಕು ಮನೆಗೂ ಕೇಳುವ ಹಾಗೆ ಹೇಳಿದರು:

"ಸುಮತಿ, ನಿನ್ನ ಜಾತಕದಲ್ಲಿ ಎಂತ ದೋಷವೂ ಇಲ್ಲ. ದೋಷ ಇದ್ದದ್ದು ನಮ್ಮ ಮನೆಯ ಪೆಟ್ಟಿಗೆಯಲ್ಲಿ. ಅದನ್ನು ಆಗಲೇ ಹೇಳದೆ ಇದ್ದದ್ದು ನನ್ನ ತಪ್ಪು. ಕಾಪುವಿಗೆ ಹೋಗಿ ಹೇಳಿ ಬಂದೆ."

ಸುಮತಿಯಕ್ಕ ತಲೆಯೆತ್ತಿದರು. "ಅವರು ಎಂತ ಹೇಳಿದ್ರು ಅಜ್ಜ?"

"ತಡ ಆಯ್ತು ಮಗಾ."

ಅವರು ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು. ದಂಟು ಯಾವುದು, ಎಲೆ ಯಾವುದು ಎಂದು ನೋಡದೆ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿ, "ಬಿಸಿಲಲ್ಲಿ ನಿಂತಿದ್ದೀರಿ, ಒಳಗೆ ಬನ್ನಿ. ಮಜ್ಜಿಗೆ ಉಂಟು" ಎಂದರು. ಅಜ್ಜ ಒಳಗೆ ಹೋಗಿ ಆ ಮಜ್ಜಿಗೆ ಕುಡಿದರು.

ದೇವರು ದೊಡ್ಡವನು. ಮೂರು ವರ್ಷ ಕಳೆದು ಸುಮತಿಯಕ್ಕನಿಗೆ ಹೆಬ್ರಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ಎರಡು ಮಕ್ಕಳಿದ್ದಾರೆ, ಗಂಡ ಎತ್ತಿದ ದನಿಯಲ್ಲಿ ಮಾತಾಡುವವರಲ್ಲ. ಆ ಸಂಬಂಧ ಕೂಡಿ ಬಂದಾಗ ಹುಡುಗನ ಕಡೆಯವರು ಯಾರೂ ಹಳೆಯ ಕತೆ ಎತ್ತದೆ ಇದ್ದದ್ದಕ್ಕೆ ಅಜ್ಜ ಅಂಗಳದಲ್ಲಿ ಹೇಳಿದ ಆ ಮಾತೇ ಕಾರಣವೆಂದು ಅಮ್ಮ ಹೇಳುವುದುಂಟು. ಆದರೆ ನಡುವಿನ ಆ ಮೂರು ವರ್ಷ ಯಾರೂ ಹಿಂದೆ ಕೊಡಲಿಲ್ಲ. ಅಜ್ಜ ಈಗಿಲ್ಲ.

ನಾನೀಗ ಮಣಿಪಾಲದಲ್ಲಿ ಮನೆ, ಮಕ್ಕಳು, ದೇವರ ದೀಪ ಎಂದು ಇರುವವಳು. ಹೋದ ತಿಂಗಳು ಮೈದುನನಿಗೆ ಬೆಳ್ಮಣ್‌ನ ಒಂದು ಹುಡುಗಿಯ ಜಾತಕ ಬಂತು. ಫೋನಿನಲ್ಲಿ ನಾನೇ ಹಾಕಿ ನೋಡಿದೆ, ಕೂಡುವುದಿಲ್ಲ ಎಂದು ಬಂತು. ಅತ್ತೆಯವರು ಹೇಳಿದಂತೆ ಎರಡು ಸಾಲಿನ ಮೆಸೇಜ್ ಕಳಿಸಿದೆ. ಮೈದುನನಿಗೆ ಬೇರೆ ಕಡೆ ನಿಶ್ಚಯವಾದ ಮೇಲೆ ಒಂದು ದಿನ ಕಣ್ಣಿಗೆ ಬಿತ್ತು, ಹುಡುಗಿ ಹುಟ್ಟಿದ್ದು ಸಂಜೆ. ನಾನು ಹಾಕಿದ್ದು ಬೆಳಿಗ್ಗೆ.

"ಒಮ್ಮೆ ಹೋಗಿ ಹೇಳಿ ಬರ್ಲಾ ಅತ್ತೆ?" ಎಂದೆ.

"ಈಗ ಹೋಗಿ ಎಂತ ಹೇಳ್ಲಿಕ್ಕುಂಟು? ಇನ್ನೊಂದು ಮೆಸೇಜ್ ಹಾಕು, ಸಾಕು."

ಹಾಕಿದೆ. ಅವರು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಬೆಳ್ಮಣ್‌ಗೆ ಹೋಗಿ ಬರಲು ಅರ್ಧ ದಿನ ಸಾಕು. ನಾನು ಇನ್ನೂ ಹೋಗಿಲ್ಲ.