ಬಸ್ಸು ನೋಡುವ ಶಾಸ್ತ್ರ

ತೊಂಬತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಒಂದು ಮನೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ನನ್ನನ್ನು ನಡೆಸಿದರು, ಹಾಡಿಸಿದರು, ಜಡೆ ಸ್ವಂತದ್ದೇ ಎಂದು ಎಳೆದು ನೋಡಿದರು. ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡು ತಿಂದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನಗೆ ಕೇಳುವಂತೆಯೇ, "ಬಣ್ಣ ಸ್ವಲ್ಪ ಕಮ್ಮಿ" ಎಂದರು. ಆ ಮಾತನ್ನು ಉಪ್ಪಿನಕಾಯಿಯ ಹಾಗೆ ಜೋಪಾನವಾಗಿ ಇಟ್ಟುಕೊಂಡೆ.

ಹತ್ತು ಹನ್ನೆರಡು ವರ್ಷಗಳ ಮೇಲೆ, ಅವರ ಕಾಂಪೌಂಡಿನಲ್ಲಿದ್ದ, ಮುಂದಕ್ಕೆ ಮೂತಿ ಚಾಚಿದ ಹಳೇ ಕಾಲದ ಬಸ್ಸು ಮಾರಾಟಕ್ಕಿದೆ ಎಂದು ತಿಳಿಯಿತು. ಆಗ ನಾನು ಗಾಂಧಿ ಬಜಾರಿನ ಹತ್ತಿರ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೆ. ಹಳೇ ಗಾಡಿಗಳ ಹುಚ್ಚೂ ಇತ್ತು. ಹೋದೆ. ಜಗಲಿಯ ಮೇಲೆ ಕೂತಿದ್ದ ತಾಯಿಗೆ ನನ್ನ ಗುರುತು ಹತ್ತಲಿಲ್ಲ. ಮಗನಿಗೂ ಅಷ್ಟೆ.

"ಸ್ವಲ್ಪ ನಡೆಸಿ ತೋರಿಸಿ," ಎಂದೆ. ಮಗ ಬಸ್ಸನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದ.

"ಹಾರನ್ ಹೊಡೀರಿ, ದನಿ ಕೇಳೋಣ."

ಹೊಡೆದ. ಬಾನೆಟ್ ಎತ್ತಿಸಿ, "ಇದೆಲ್ಲಾ ಸ್ವಂತದ್ದೇನಾ, ಇಲ್ಲಾ ಬೇರೆ ಗಾಡೀದು ಹಾಕಿದೀರಾ?" ಎಂದು ಒಂದೊಂದನ್ನೂ ಎಳೆದು ನೋಡಿದೆ. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಕಾಫಿ ಬಂತು. ಇನ್ನರ್ಧ ಲೋಟ ಹಾಕಿಸಿಕೊಂಡು ನಿಧಾನವಾಗಿ ಕುಡಿದೆ.

"ಹೇಗಿದೆಯಮ್ಮಾ?" ಎಂದರು ತಾಯಿ, ಆಸೆಯಿಂದ.

"ಬಣ್ಣ ಸ್ವಲ್ಪ ಕಮ್ಮಿ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಗುರುತು ಹತ್ತಿತು. ನಾನು ಹಣ ಕೊಟ್ಟು, ಕೀ ಇಸಿದುಕೊಂಡು, ಡ್ರೈವರ್ ಸೀಟಿಗೆ ಹತ್ತಿದೆ.

"ಅಷ್ಟಕ್ಕೇ ಬೇಡ ಅಂದು ಎದ್ದು ಹೋಗೋ ಜನ ಅಲ್ಲಮ್ಮ ನಾವು," ಎಂದು, ಬಸ್ಸನ್ನು ಮನೆ ತುಂಬಿಸಿಕೊಳ್ಳಲು ಹೊರಟೆ.